ಗೋದಾಮು ತುಂಬುವ ತನಕ

ಆ ವರ್ಷ ಇರ್ಫಾನಾ ಭತ್ತದ ಬೆಳೆಯ ಮೇಲೆ ಇಟ್ಟಷ್ಟು ಕಣ್ಣನ್ನು ಸಿದ್ದಾಪುರದ ಯಾವ ರೈತನೂ ಇಟ್ಟಿರಲಿಕ್ಕಿಲ್ಲ. ಅವಳಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಅಪ್ಪ ಜಿಲಾನಸಾಬ ಗಂಗಾವತಿಯಲ್ಲಿ ದರ್ಜಿ. ಅವರ ವಂಶದಲ್ಲೇ ಯಾರೂ ಕೆಸರಿಗೆ ಕಾಲಿಟ್ಟವರಲ್ಲ. ಆದರೂ ಕಾಲುವೆಗೆ ನೀರು ಬಿಟ್ಟರೆಂದರೆ ಅವಳಿಗೆ ಖುಷಿ, ನಾಟಿ ಮುಗಿಯಿತೆಂದರೆ ಖುಷಿ. ತೆನೆ ಬಾಗಿದ ಸುದ್ದಿ ಕೇಳಿದ ದಿನ ಮನೆಯಲ್ಲಿ ಸಿಹಿ ಮಾಡಿಸಿ ತಿಂದಳು. ಭತ್ತ ಬಂದು ರಾಮಾಂಜನೇಯನ ಮಿಲ್ಲಿನ ಗೋದಾಮು ತುಂಬಿದ ದಿನ ವೆಂಕೋಬನ ಮಾನ ಬೀದಿಗೆ ಬೀಳುವುದಿತ್ತು. ಆ ಗುಟ್ಟು ಅವಳೊಬ್ಬಳಿಗೇ ಗೊತ್ತಿತ್ತು.

ವೆಂಕೋಬ ಅವಳ ಹಳೆಯ ಧಣಿ. ಒಂದು ಕಾಲಕ್ಕೆ ಕೇಬಲ್ ಟಿವಿ ನಡೆಸಿದವ, ಊರೂರಿನ ಕಂಬ ಹತ್ತಿ ವೈರು ಎಳೆದವ. ಮನೆಮನೆಗೆ ಡಿಶ್ ಬಂದು ಆ ಧಂದೆ ಮಲಗಿದ ಮೇಲೆ ಮಿಲ್ಲು, ಲಾಡ್ಜು, ಕಾಲೇಜುಗಳಿಗೆ ವೈಫೈ ಹಾಕಿಸುವ ಗುತ್ತಿಗೆ ಹಿಡಿದ. ಹಿಡಿದವ ಅವನು, ಮಾಡಿದವಳು ಇರ್ಫಾನಾ. ಡಿಪ್ಲೊಮಾ ಮುಗಿಸಿ ಬಂದು ಐದು ವರ್ಷ ಅವನ ಕೈಕೆಳಗೆ ದುಡಿದಳು. ಎಲ್ಲೆಲ್ಲಿ ಡಬ್ಬಿ ಕೂರಿಸಬೇಕು, ಯಾವ ಡಬ್ಬಿ ಯಾವ ಚಾನೆಲ್ಲಿನಲ್ಲಿ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು ಎಲ್ಲವೂ ಅವಳ ತಲೆಯದು. ಡಬ್ಬಿ ಎಂದರೆ ಆಕ್ಸೆಸ್ ಪಾಯಿಂಟು. ಛಾವಣಿಗೆ ತೂಗುಹಾಕುವ, ತಟ್ಟೆಯಗಲದ ಬಿಳಿಯ ವಸ್ತು. ಈ ಕಡೆ ಅದಕ್ಕೆ ಯಾರೂ ಆ ಉದ್ದನೆಯ ಹೆಸರು ಹೇಳುವುದಿಲ್ಲ. ಇನ್ನು ವೆಂಕೋಬನ ಪಾಲಿನ ಕೆಲಸ ಏನೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಾಲಕರೆದುರು ಕೂತು ಚಹಾ ಕುಡಿಯುವುದು.

ಏಪ್ರಿಲ್‌ನಲ್ಲಿ ಸಿದ್ದಾಪುರದ ರಾಮಾಂಜನೇಯನ ಅಕ್ಕಿ ಮಿಲ್ಲಿನ ಕೆಲಸ ಬಂತು. ಗೋದಾಮಿನೊಳಗೆ ಚೀಲಕ್ಕೆ ಅಂಟಿಸಿದ ಚೀಟಿಯನ್ನು ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಓದಬೇಕು, ಓದಿದ್ದು ಗಾಳಿಯ ಮೇಲೆ ಗೇಟಿನ ತೂಕದ ಕಾಟಾಕ್ಕೆ ಮುಟ್ಟಬೇಕು, ಆಗ ಮಾತ್ರ ಮುಂದಿನ ಲಾರಿ ಒಳಗೆ. ಇರ್ಫಾನಾ ಖಾಲಿ ಗೋದಾಮಿನಲ್ಲಿ ಎರಡು ದಿನ ಅಡ್ಡಾಡಿ, ಅಳೆದು, ಗೋದಾಮಿಗೆ ಐದು, ಗೇಟಿನ ಕಾಟಾಕ್ಕೆ ಒಂದು ಎಂದು ಆರು ಡಬ್ಬಿಗೆ ನಕ್ಷೆ ಬರೆದಳು. ಡಬ್ಬಿಗಳೂ ಬಂದವು. ಕಟ್ಟುವ ದಿನ ಬೆಳಿಗ್ಗೆ ನೋಡಿದರೆ ಆರರಲ್ಲಿ ಮೂರು ಇಲ್ಲ.

ವೆಂಕೋಬ ಆಚೆ ಈಚೆ ನೋಡಲಿಲ್ಲ. ನೇರ ಇವಳ ಕಡೆಗೇ ಬೆರಳು ತೋರಿಸಿದ.

"ಬ್ಯಾಗ್ ಬಿಚ್ಚು."

"ಸರ, ನಾ ಯಾಕ..."

"ಬಿಚ್ಚಂದ್ರ ಬಿಚ್ಚು. ಡಬ್ಬಿ ರೇಟು ಗೊತ್ತಿದ್ದಾಕಿ ಇಲ್ಲಿ ನೀ ಒಬ್ಬಾಕೀನ."

ಅವಳು ಬಿಚ್ಚುವ ಮೊದಲೇ ತಾನೇ ಕಸಿದು, ಮಿಲ್ಲಿನ ಗೇಟಿನಲ್ಲಿ, ಹಮಾಲರೆಲ್ಲ ಬೀಡಿ ಸೇದುತ್ತ ಕೂತಿದ್ದ ಜಾಗದಲ್ಲಿ, ಬ್ಯಾಗನ್ನು ತಲೆಕೆಳಗು ಮಾಡಿದ. ಲ್ಯಾಪ್‌ಟಾಪು ಬಿತ್ತು, ರೊಟ್ಟಿ ಡಬ್ಬಿ ಬಿತ್ತು, ನಕ್ಷೆಯ ಹಾಳೆ ಬಿತ್ತು, ಕೊನೆಗೆ ಹೆಂಗಸರು ತಿಂಗಳಿಗೊಮ್ಮೆ ಬಳಸುವ ಆ ಪೊಟ್ಟಣವೂ ಒಡೆದು ನಾಲ್ಕು ಕಡೆ ಚೆಲ್ಲಿತು. ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ಡಬ್ಬಿ ಮಾತ್ರ ಸಿಗಲಿಲ್ಲ.

"ಮನ್ಯಾಗ ಇಟ್ಟು ಬಂದಾಳ ಬಿಡ್ರಿ," ಎಂದ ವೆಂಕೋಬ, ಅಲ್ಲಿದ್ದವರಿಗೆಲ್ಲ ಕೇಳುವಂತೆ. ಬಿದ್ದದ್ದರಲ್ಲಿ ಅವನು ಬಗ್ಗಿ ಎತ್ತಿಕೊಂಡದ್ದು ಒಂದನ್ನೇ. ನಕ್ಷೆಯ ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡ.

ಮಿಕ್ಕಿದ್ದನ್ನೆಲ್ಲ ಆರಿಸಿ ಕೊಟ್ಟವಳು ಗೇಟಿನಲ್ಲಿ ಹೊಟ್ಟು ಗುಡಿಸುವ ಫಕೀರಮ್ಮ. ಕಸಬರಿಗೆ ಬದಿಗಿಟ್ಟು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೂ ತನ್ನ ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿದಳು. "ನಡಿ ಯವ್ವಾ, ಇಲ್ಲಿ ನಿಂದರಬ್ಯಾಡ," ಎಂದು ರಟ್ಟೆ ಹಿಡಿದು ಬಸ್ಸಿನವರೆಗೂ ಕರೆದುಕೊಂಡು ಹೋದಳು. ಆ ದಿನ ಇರ್ಫಾನಾಳಿಗೆ ಲೋಕದಲ್ಲಿ ಮನುಷ್ಯರೆಂದು ಕಂಡದ್ದು ಅವಳೊಬ್ಬಳೇ.

ಸುದ್ದಿಗೆ ಬಸ್ಸು ಬೇಕಿಲ್ಲ. ವಾರದೊಳಗೆ ಸಿದ್ದಾಪುರ, ಕಾರಟಗಿ, ಗಂಗಾವತಿಯ ಮಿಲ್ಲುಗಳವರು ಅವಳ ಫೋನು ಎತ್ತುವುದನ್ನು ಬಿಟ್ಟರು. ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ತೆರೆದು ಮೊಬೈಲ್ ರಿಪೇರಿಗೆ ಕೂತಳು. ಅಪ್ಪನ ಅಂಗಡಿಗೆ ಅಂಗಿ ಹೊಲಿಸಲು ಬಂದವರು ಅಳತೆ ಕೊಡುತ್ತಲೇ "ಮಗಳ ಕೇಸು ಏನಾತು ಜಿಲಾನಸಾಬ್ರ?" ಎಂದು ಕೇಳುವರು. ಕೇಸೇ ಇರಲಿಲ್ಲ. ಇದ್ದಿದ್ದರೆ ಗೆಲ್ಲಬಹುದಿತ್ತು.

"ಬಿಡು ಬೇಟಾ, ಖುದಾ ನೋಡ್ತಾನ," ಎನ್ನುವನು ಅಪ್ಪ.

"ಖುದಾ ನೋಡ್ಲಿ ಅಬ್ಬಾ. ನಾನೂ ನೋಡ್ತೀನಿ."

ಅವಳಿಗೆ ಪೊಲೀಸು ಬೇಕಿರಲಿಲ್ಲ, ಪರಿಹಾರ ಬೇಕಿರಲಿಲ್ಲ. ಅದೇ ಗೇಟಿನಲ್ಲಿ, ಅದೇ ಜನರೆದುರು, ಅದೇ ಬಾಯಿಂದ ಒಂದು ಮಾತು ಬರಬೇಕಿತ್ತು: ಇರ್ಫಾನಾ ಕಳ್ಳಿ ಅಲ್ಲ. ಅದಕ್ಕೆ ಕಡಿಮೆ ಯಾವುದಕ್ಕೂ ಅವಳು ಒಪ್ಪುವವಳಲ್ಲ. ನನ್ನನ್ನು ಕೇಳಿದರೆ ಒಪ್ಪಲೂ ಬಾರದು.

ಆ ಮಾತು ಬರಿಸುವ ದಾರಿ ವೆಂಕೋಬನ ಕಿಸೆಯಲ್ಲೇ ಇತ್ತು. ಕಾಣೆಯಾದ ಮೂರರ ಬದಲಿಗೆ ಹೊಸವು ತಂದು, ಕದ್ದ ನಕ್ಷೆಯಂತೆಯೇ ಅವನು ಆರನ್ನೂ ಕಟ್ಟಿಸಿದ್ದ. ಆ ನಕ್ಷೆ ಖಾಲಿ ಗೋದಾಮಿನದು. ಖಾಲಿ ಗೋದಾಮಿನಲ್ಲಿ ಅಲೆ ಈ ಗೋಡೆಯಿಂದ ಆ ಗೋಡೆಗೆ ತಡೆಯಿಲ್ಲದೆ ಓಡುತ್ತದೆ. ಹಸಿ ಭತ್ತದ ಚೀಲಗಳನ್ನು ಇಪ್ಪತ್ತು ಅಡಿ ಎತ್ತರಕ್ಕೆ ಒಟ್ಟಿ ನಿಟ್ಟು ಕಟ್ಟಿದಿರೋ, ಅದು ನೀರಿನ ಗೋಡೆ ಇದ್ದಂತೆ. ಅಲೆಯನ್ನೆಲ್ಲ ಕುಡಿದು ಸುಮ್ಮನೆ ನಿಲ್ಲುತ್ತದೆ. ಛಾವಣಿಯ ಡಬ್ಬಿಯ ಮಾತು ಚೀಲದ ಓಣಿಗಳಿಗೆ ಇಳಿಯುವುದೇ ಇಲ್ಲ. ಸುಗ್ಗಿಯಲ್ಲಿ ಇನ್ನೊಮ್ಮೆ ಅಳೆಯಬೇಕು ಸರ ಎಂದು ಹೇಳಲು ಅವಳು ಅವತ್ತು ಬೆಳಿಗ್ಗೆ ಬಾಯಿ ತೆರೆಯುವುದರಲ್ಲಿದ್ದಳು. ಅಷ್ಟರಲ್ಲಿ ಬ್ಯಾಗು ತಲೆಕೆಳಗಾಯಿತು.

ಸರಿ, ಹೇಳುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡಳು. ಏಪ್ರಿಲ್‌ನಿಂದ ನವೆಂಬರ್ ತನಕ ಆ ಬಾಯಿ ಮುಚ್ಚೇ ಇತ್ತು.

ಒಳಗಿನ ಸುದ್ದಿ ಕೊಡುತ್ತಿದ್ದವಳು ಫಕೀರಮ್ಮ. ಯಾಕೆಂದು ಕೇಳದೆ ವಾರಕ್ಕೊಮ್ಮೆ ಫೋನು ಮಾಡಿ ಚೀಲದ ನಿಟ್ಟಿನ ಎತ್ತರ ಹೇಳುವಳು. "ನಿಟ್ಟು ಎದಿಮಟ ಬಂತವ್ವ." ಮುಂದಿನ ವಾರ, "ಈಗ ನಿಚ್ಚಣಕಿ ಹಚ್ಚಿ ಏರಾಕತ್ತಾರ." ಅದರ ಮುಂದಿನ ವಾರ ಫೋನಿನಲ್ಲೇ ಲಾರಿಗಳ ಹಾರ್ನು ಕೇಳಿಸಿತು. "ಕೈಯಾಗಿನ ಮಿಷನ್ನು ಒಳಗ ಹೋದ್ರ ಕೆಲಸನ ಮಾಡೂದಿಲ್ಲಂತ. ಮುನೀಮ ಒಂದೊಂದ ಚೀಟಿಗೂ ಹೊರಗ ಓಡಿ ಬರಾಕತ್ತಾನ. ಲಾರಿ ಸಾಲು ರೋಡಿಗೆ ಹತ್ತೈತಿ. ವೆಂಕೋಬಗ ಕರಿಸ್ಯಾರ."

ಇರ್ಫಾನಾ ಫೋನು ಇಟ್ಟು, ಅಂಗಡಿಯ ಬಾಗಿಲು ಅರ್ಧ ಎಳೆದು, ಒಬ್ಬಳೇ ನಕ್ಕಳು.

ವೆಂಕೋಬ ಬಂದು ಮಾಡಿದ್ದನ್ನು ಹೇಳಬೇಕು. ಅಂಥ ತಪ್ಪನ್ನು ಕೇಬಲ್ ಟಿವಿಯವನಲ್ಲದೆ ಬೇರೆಯವರು ಮಾಡಲಾರರು. ಕೇಬಲ್ಲಿನ ಕಾಲದಲ್ಲಿ ಓಣಿಯ ಕಡೆಯ ಮನೆಯ ಚಿತ್ರ ಮಸುಕಾದರೆ ಅವರದು ಒಂದೇ ಮದ್ದು, ಬೂಸ್ಟರ್ ಕೂರಿಸು. ಅದೇ ಬುದ್ಧಿಯಿಂದ ಒಂದೊಂದು ಡಬ್ಬಿಯ ಕೆಳಗೂ ನಿಂತು, ಫೋನಿನಲ್ಲಿ ಅದರ ಸೆಟ್ಟಿಂಗು ತೆರೆದು, ಆರಕ್ಕೆ ಆರರ ಪವರನ್ನೂ ನೂರಕ್ಕೆ ಏರಿಸಿದ. ಎಲ್ಲವನ್ನೂ ಒಂದೇ ಚಾನೆಲ್ಲಿಗೆ ತಂದ, ಚಾನೆಲ್ಲು ಎಲ್ಲ ಮನೆಗೂ ಒಂದೇ ಇರಬೇಕಲ್ಲವೇ ಎಂದು. ಈಗ ಆರೂ ಡಬ್ಬಿ ಒಂದೇ ಚಾವಡಿಯಲ್ಲಿ ಕೂತು ಒಟ್ಟಿಗೇ ಕೂಗತೊಡಗಿದವು. ಡಬ್ಬಿಯ ಕೂಗು ಹೇಗೋ ಸ್ಕ್ಯಾನರಿಗೆ ಕೇಳಿಸುವುದು. ಬಡಪಾಯಿ ಸ್ಕ್ಯಾನರಿನ ಪಿಸುಮಾತು ಡಬ್ಬಿಗೆ ತಿರುಗಿ ಮುಟ್ಟದು. ಪರದೆಯ ಮೇಲೆ ಸಿಗ್ನಲ್ಲಿನ ಗೆರೆ ತುಂಬ ಕಾಣುತ್ತಿದೆ, ಕೆಲಸ ಮಾತ್ರ ಸೊನ್ನೆ. ಮೊದಲು ಗೋದಾಮಿನ ಒಳಗಷ್ಟೇ ಇದ್ದ ರೋಗ ಈಗ ಗೇಟಿನ ಕಾಟಾಕ್ಕೂ ಹತ್ತಿತು.

ನಾಲ್ಕನೆಯ ದಿನ ರಾಮಾಂಜನೇಯನೇ ಕಾರು ತೆಗೆದುಕೊಂಡು ಗಂಗಾವತಿಗೆ ಬಂದ. ಕಾಲುವೆಗೆ ನೀರು ಬಂದ ಬೆನ್ನಲ್ಲೇ ಆಂಧ್ರದಿಂದ ಬಂದ ಮನೆತನ. ಮೂರು ತಲೆಮಾರಾದರೂ ಮಾತಿನಲ್ಲಿ ತೆಲುಗಿನ ಎಳೆತ ಹೋಗಿಲ್ಲ.

"ಏನಮ್ಮಾ, ಅದೇನೋ ಆಗಿಹೋಯ್ತು. ಈಗ ನಿನ್ನ ಫೀಜು ಎಷ್ಟು ಹೇಳು, ಎರಡರಷ್ಟು ಕೊಡ್ತೀನಿ. ಲಾರಿ ನಿಂತು ಭತ್ತ ಕಾವು ಹಿಡೀತಾ ಐತಿ."

"ರೊಕ್ಕ ಬ್ಯಾಡ್ರಿ ಸಾವುಕಾರ್ರ. ಗೇಟಿನ್ಯಾಗ ಲಾರಿ ನಂಬರ್ ಕರಿಯೂ ಮೈಕ್ ಐತಲ್ಲ, ಅದರಾಗ ವೆಂಕೋಬ ಅವರು ಒಂದು ಮಾತು ಹೇಳ್ಬೇಕು. ಇರ್ಫಾನಾ ಕಳ್ಳತನ ಮಾಡಿಲ್ಲಂತ. ಹೇಳಿದ್ರ ನಾ ಬರ್ತೀನಿ."

"ಅಷ್ಟೇನಾ?"

"ಅಷ್ಟ."

ರಾಮಾಂಜನೇಯನಿಗೆ ಅಗ್ಗದ ಸೌದಾ ಸಿಕ್ಕಂತೆ ಆಯಿತು. ಅವನು ನಕ್ಕ ನಗೆ ಅವಳಿಗೆ ಹಿಡಿಸಲಿಲ್ಲ, ಆದರೆ ನುಂಗಿಕೊಂಡಳು. ಇನ್ನೊಂದು ದಿನದ ಮಾತು ತಾನೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಿಲ್ಲಿನ ಗೇಟಿನಲ್ಲಿ ಇಳಿದಳು. ಹಮಾಲರು ತಲೆಗೂ ಮೂಗಿಗೂ ಟವೆಲು ಸುತ್ತಿ, ಧೂಳಿಗೆ ಹೆದರಿ ಕಣ್ಣಷ್ಟೇ ಕಾಣುವಂತೆ ನಿಂತಿದ್ದರು. ಫಕೀರಮ್ಮ ದೂರದಿಂದಲೇ ಕೈಯೆತ್ತಿದಳು. ವೆಂಕೋಬ ಕಾಟಾದ ಕೋಣೆಯ ಮುಂದೆ, ಅದೇ ಬಿಳಿ ಅಂಗಿಯಲ್ಲಿ. ಇವಳನ್ನು ನೋಡಿ ಮುಖ ತಿರುಗಿಸಿದ.

ಇರ್ಫಾನಾ ಕುರ್ಚಿ ತರಿಸಿ, ಮೇಜು ತರಿಸಿ, ಕಾಟಾದ ಕೋಣೆಯ ನೆರಳಿನಲ್ಲಿ ಲ್ಯಾಪ್‌ಟಾಪು ತೆರೆದಳು. ವೈರು ಸಿಕ್ಕಿಸಿದ ಕೂಡಲೇ ಆರೂ ಡಬ್ಬಿಗಳು ಹೆಸರು, ನಂಬರು ಸಮೇತ ಸಾಲಾಗಿ ಬಂದು ಕೂತವು. ಪಾಸ್‌ವರ್ಡು ವೆಂಕೋಬನ ಎಲ್ಲ ಕೆಲಸಕ್ಕೂ ಅವಳೇ ಇಡುತ್ತಿದ್ದ ಅದೇ ಹಳೆಯದು. ನಂಬರಿಗಾಗಿ ಯಾರೂ ಏಣಿ ಹತ್ತಬೇಕಿರಲಿಲ್ಲ. ಆದರೆ ಇಷ್ಟು ತಿಂಗಳು ಕಾದದ್ದು ಅಷ್ಟು ಬೇಗ ಮುಗಿಸಲಿಕ್ಕಲ್ಲ. ಮೈಕು ಎಳೆದುಕೊಂಡಳು.

"ವೆಂಕೋಬ ಅವರ, ಒಂದೊಂದ ಡಬ್ಬಿ ಹಿಂದ ಒಂದು ನಂಬರ್ ಇರ್ತೈತಿ. ನಿಚ್ಚಣಕಿ ಹತ್ತಿ ಓದಿ ಹೇಳ್ರಿ."

"ಹಮಾಲರಿಗೆ ಹೇಳು."

"ಅವರು ಚೀಲ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ. ಗುತ್ತಿಗಿ ನಿಮ್ಮದಲ್ಲೇನ್ರಿ."

ರಾಮಾಂಜನೇಯ ಕಣ್ಣಿನಲ್ಲೇ ಏಣಿ ತೋರಿಸಿದ. ವೆಂಕೋಬ ಹತ್ತಿದ. ಇಪ್ಪತ್ತು ವರ್ಷದಿಂದ ಕಂಬ ಬಿಟ್ಟ ಕಾಲು, ಹೊಟ್ಟೆ ಬೇರೆ ಬಂದಿದೆ, ಮೇಲೆ ತಗಡು ಕಾದು ಒಲೆಯಾಗಿದೆ. ಹನ್ನೆರಡು ಅಕ್ಷರದ ನಂಬರನ್ನು ಕಣ್ಣು ಕಿರಿದು ಮಾಡಿ ಓದಿ ಕೂಗಿದ. ಇರ್ಫಾನಾ ಪರದೆಯ ಮೇಲೆ ಅದೇ ನಂಬರನ್ನು ನೋಡುತ್ತ, "ಕೇಳಿಸಲಿಲ್ರಿ, ಇನ್ನೊಮ್ಮೆ," ಎಂದಳು. ಹೀಗೆ ಆರು ಸಲ. ಆರನೆಯದರಿಂದ ಇಳಿಯುವ ಹೊತ್ತಿಗೆ ಬಿಳಿ ಅಂಗಿ ತೌಡಿನ ಬಣ್ಣಕ್ಕೆ ತಿರುಗಿತ್ತು. ಅವಳಿಗೆ ಎಳನೀರು ಕುಡಿದಷ್ಟು ತಂಪಾಯಿತು.

ಎರಡನೆಯ ಸುತ್ತಿನ ಏಣಿ ಮಾತ್ರ ನಿಜಕ್ಕೂ ಬೇಕಾದದ್ದು. ಐದು ಡಬ್ಬಿಗಳನ್ನು ಛಾವಣಿಯಿಂದ ಇಳಿಸಿ, ಚೀಲದ ಓಣಿಗಳ ಬಾಯಿಯಲ್ಲಿ ಆಳೆತ್ತರಕ್ಕೆ ಕಂಬಗಳಿಗೆ ಕಟ್ಟಿಸಿದಳು, ಮುಖ ಓಣಿಯ ಒಳಕ್ಕೆ. ಆಮೇಲೆ ಕುರ್ಚಿಯಲ್ಲೇ ಕೂತು ಪವರನ್ನು ನೂರರಿಂದ ಕಾಲುಭಾಗಕ್ಕೆ ಇಳಿಸಿದಳು. ಅಕ್ಕಪಕ್ಕದವಕ್ಕೆ ಒಂದರ ಮಾತು ಇನ್ನೊಂದಕ್ಕೆ ತಾಗದಂತೆ ಒಂದು, ಆರು, ಹನ್ನೊಂದು ಎಂದು ಬೇರೆಬೇರೆ ಚಾನೆಲ್ಲು ಹಂಚಿದಳು. ಹತ್ತು ನಿಮಿಷದ ಕೆಲಸ.

ಮುನೀಮ ಸ್ಕ್ಯಾನರು ಹಿಡಿದು ಕಡೆಯ ಓಣಿಯ ಕಡೆಯ ಚೀಲದವರೆಗೂ ಹೋದ. ಅಲ್ಲಿಂದಲೇ ಕೂಗಿದ, "ಬಂತ್ರೀ! ಹೊಡದ ಕೂಡ್ಲೇ ಬಂತ್ರೀ!"

ರಾಮಾಂಜನೇಯ ಪರದೆಯನ್ನು ಬಗ್ಗಿ ನೋಡಿದ. "ಜೋರು ಕಮ್ಮಿ ಮಾಡಿದ್ರೆ ಕೆಲಸ ಜಾಸ್ತಿ ಆಯ್ತಾ?" ಎಂದವನೇ ಇನ್ನೂ ಬಗ್ಗಿ, "ಈ ನಂಬರೆಲ್ಲ ಇಲ್ಲೇ ಕಾಣ್ತವಲ್ಲಮ್ಮಾ! ಮತ್ತೆ ಇವನನ್ನ ಯಾಕೆ ಹತ್ತಿಸಿದಿ?"

"ಇಷ್ಟ ವರ್ಷ ಇದನ್ನ ಮಾಡಿದವರು, ಗೊತ್ತಿರ್ತೈತಿ ಅಂದ್ಕೊಂಡಿದ್ದೆ," ಎಂದಳು ಇರ್ಫಾನಾ. ಮೈಕು ಇನ್ನೂ ಆನ್ ಇತ್ತು. ಅದು ಅವಳಿಗೆ ಗೊತ್ತಿತ್ತು. ಲಾರಿಯ ಡ್ರೈವರುಗಳು ಬಾನೆಟ್ಟು ಬಡಿದು ನಕ್ಕರು.

"ಐದು ಆತು. ಕಾಟಾದ್ದು ಒಂದು ಉಳೀತು," ಎಂದು ಮೈಕನ್ನು ವೆಂಕೋಬನ ಕಡೆ ಸರಿಸಿದಳು. "ಈಗ ನಿಮ್ಮ ಮಾತು."

ವೆಂಕೋಬ ಮೈಕನ್ನು ತಿರುಗಿ ಅವಳ ಕಡೆಗೇ ತಳ್ಳಿದ. ಹೊರಗೆ ಹಾರ್ನುಗಳು ಒಂದಕ್ಕೊಂದು ಸೇರಿ ಕಿವಿ ಹರಿಯುತ್ತಿದ್ದವು. "ಹೇಳಯ್ಯಾ," ಎಂದು ರಾಮಾಂಜನೇಯ ಗದರಿದ, "ಇಲ್ಲಾಂದ್ರೆ ನಿನ್ನ ಡಬ್ಬಿನೂ ಬೇಡ ನೀನೂ ಬೇಡ." ಕೊನೆಗೆ ವೆಂಕೋಬ ಮೈಕು ಹಿಡಿದ.

"ಇರ್ಫಾನಾ ಕಳ್ಳತನ ಮಾಡಿಲ್ಲ."

"ಯಾರು ಮಾಡ್ಯಾರ?"

"...ನಮ್ಮ ಅಕ್ಕನ ಮಗ, ಡಬ್ಬಿ ಇಳಿಸಾಕ ಬಂದಿದ್ದಾವ. ತಳಕಲ್ಲ ಊರಾಗ ಯಾರಿಗೋ ಮಾರ್ಯಾನ. ನನಗ ಆಮ್ಯಾಲೆ ಗೊತ್ತಾತು."

"ಗೊತ್ತಾದ ಮ್ಯಾಲ ಯಾಕ ಹೇಳ್ಲಿಲ್ಲ?"

ವೆಂಕೋಬ ಅಂಗಿಯ ಧೂಳು ಕೊಡವತೊಡಗಿದ. ಇರ್ಫಾನಾ ಎದೆ ಸೆಟೆಸಿ, ಅವತ್ತು ನಕ್ಕವರ ಮುಖ ನೋಡಲೆಂದು ಹಮಾಲರ ಕಡೆ ತಿರುಗಿದಳು. ಅವರು ಕಣ್ಣು ಪಿಳಿಪಿಳಿ ಬಿಟ್ಟು ನಿಂತಿದ್ದರು. ಅವರ ಗುಂಪಿನ ಮುಖಂಡ, ಮುಕಾದಮ, ಟವೆಲು ಕೆಳಗಿಳಿಸಿ ಹಿಂದಿಯಲ್ಲಿ ಕೇಳಿದ, ಏನಂತೆ, ಕೆಲಸ ಶುರುವೋ ಇಲ್ಲವೋ?

ಏಪ್ರಿಲ್‌ನವರು ಕುಷ್ಟಗಿ ಕಡೆಯ ಹಮಾಲರು. ದೀಪಾವಳಿಗೆ ಮೊದಲೇ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದರು. ಇವರೆಲ್ಲ ಈ ಸುಗ್ಗಿಗೆಂದು ಬಿಹಾರದಿಂದ ಬಂದವರು. ಒಬ್ಬನಿಗೂ ಕನ್ನಡ ಬಾರದು. ಎಂಟು ತಿಂಗಳು ಉಪವಾಸವಿದ್ದು ಕಾದ ಊಟ ಎಲೆಗೆ ಬಿದ್ದಿತ್ತು, ಸಾಕ್ಷಿಗೆ ಕೂತವರು ಬೇರೆ ಯಾರೋ. ಇರ್ಫಾನಾಳಿಗೆ ಸಿಟ್ಟು ನೆತ್ತಿಗೇರಿತು.

"ಇದನ್ನ ಹಿಂದಿಯೊಳಗ ಹೇಳ್ರಿ," ಎಂದಳು.

"ಏನು?"

"ಹಿಂದಿ. ತಪ್ಪಿದ್ರ ನಾ ತಿದ್ದತೀನಿ, ನಮ್ಮ ಮನಿ ಮಾತು."

ವೆಂಕೋಬ ಹಿಂದಿಯಲ್ಲೂ ಹೇಳಿದ, ಹರಕುಮುರುಕಾಗಿ. ಅವಳು ಎರಡು ಕಡೆ ತಿದ್ದಿ ಮತ್ತೆ ಹೇಳಿಸಿದಳು. ಮುಕಾದಮ ತಲೆದೂಗಿ ಕೇಳಿ, ಪಕ್ಕದವನನ್ನು ವಿಚಾರಿಸಿದ: ಈ ಇರ್ಫಾನಾ ಅಂದರೆ ಯಾರು?

ಅವಳು ಆರನೆಯ ಡಬ್ಬಿಯ ಪವರು ಇಳಿಸಿ ಚಾನೆಲ್ಲು ಬದಲಿಸಿದಳು. ಕಾಟಾ ಚೀಟಿ ಉಗುಳಿತು, ಮೊದಲ ಲಾರಿ ಒಳಗೆ ಬಂತು, ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿದರು. ವೆಂಕೋಬ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಮಧ್ಯಾಹ್ನ ಫಕೀರಮ್ಮ ಬುತ್ತಿ ಬಿಚ್ಚಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಖುಷಿ ಅವಳ ಮುಖದಲ್ಲಿ ಹಿಡಿಸುತ್ತಿರಲಿಲ್ಲ.

"ಹಿಂಗ ಆಗ್ಬೇಕಿತ್ತ ನೋಡವ್ವ ಅವಗ. ಛಲೋ ಮಾಡಿದಿ. ನೀ ತಗೊಂಡಿಲ್ಲಂತ ನನಗ ಅವತ್ತ ಗೊತ್ತಿತ್ತು."

"ನಿನಗರ ನನ್ನ ಮ್ಯಾಲ ನಂಬಿಕಿ ಇತ್ತಲ್ಲಕ್ಕಾ."

"ನಂಬಿಕಿ ಏನವ್ವ, ಕಣ್ಣಲೇ ಕಂಡಿದ್ದೆ. ಹಿಂದಿನ ದಿನ ಸಂಜಿಕ ಅವರಕ್ಕನ ಮಗ ಮೂರು ಡಬ್ಬಿ ತೌಡಿನ ಚೀಲದಾಗ ಹಾಕ್ಕೊಂಡು ಗಾಡಿ ಮ್ಯಾಲ ಇಟ್ಕೊಂಡ. ನಾ ಇಲ್ಲೇ ಕಸ ಹೊಡ್ಯಾಕತ್ತಿದ್ದೆ."

ರೊಟ್ಟಿ ಇರ್ಫಾನಾಳ ಕೈಯಲ್ಲೇ ಉಳಿಯಿತು. ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಾಗ ಈ ಹೆಂಗಸಿಗೆ ಗೊತ್ತಿತ್ತು. ಬಸ್ಸಿಗೆ ಹತ್ತಿಸುವಾಗ ಗೊತ್ತಿತ್ತು. ವಾರ ವಾರ ನಿಟ್ಟಿನ ಎತ್ತರ ಹೇಳುವಾಗಲೂ ಗೊತ್ತಿತ್ತು.

"ಅವತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನನ್ನ ಕೆಲಸ ಉಳೀತಿತ್ತೇನವ್ವ? ಮ್ಯಾಲ ನನ್ನ ಯಾರು ಕೇಳಿದ್ರು?"

ಇರ್ಫಾನಾ ಎದ್ದು ಹೋಗಿ ಕಾಟಾದ ಮೇಜಿನಿಂದ ಮೈಕು ತಂದಳು. ವೈರು ಅಲ್ಲಿಯವರೆಗೆ ಬರುತ್ತಿತ್ತು. ಗುಂಡಿ ಒತ್ತಿ ಫಕೀರಮ್ಮನ ಮುಖದ ಮುಂದೆ ಹಿಡಿದಳು.

"ಈಗ ಕೇಳಾಕತ್ತೀನಿ. ಹೇಳು."

ಫಕೀರಮ್ಮ ಮೈಕನ್ನು ನೋಡಿದಳು, ಅಂಗಳದ ಆಚೆ ನಿಂತಿದ್ದ ರಾಮಾಂಜನೇಯನನ್ನು ನೋಡಿದಳು, ತಲೆಯಾಡಿಸಿದಳು. "ಬ್ಯಾಡ ಯವ್ವಾ. ಮಾಲಕ್ರು ಅದಾರ. ಈಗ ಎಲ್ಲಾ ಮುಗೀತಲ್ಲ, ಊಟ ಮಾಡು."

ಬಡವಿ, ಪಾಪ, ಇರ್ಫಾನಾ ಅವಳನ್ನು ತಬ್ಬಿಕೊಂಡು ಕ್ಷಮಿಸಿದಳು ಎಂದು ಹೇಳಿದರೆ ಕೇಳಲು ಚೆಂದ. ಆದರೆ ಕ್ಷಮಿಸಲಿಲ್ಲ. ರೊಟ್ಟಿಯನ್ನು ಬುತ್ತಿಯಲ್ಲಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದಳು. ಈ ಸಲ ರಟ್ಟೆ ಹಿಡಿಯಲು ಬಂದ ಕೈಯನ್ನು ಬಿಡಿಸಿಕೊಂಡಳು.

ಗಂಗಾವತಿಯ ಬಸ್ಸಿನಲ್ಲಿ ಕೂತು ಫೋನು ತೆರೆದಳು. ಎಂಟು ತಿಂಗಳಿಂದ ದಿನಾ ರಾತ್ರಿ ವೆಂಕೋಬನ ನಂಬರನ್ನು ನೋಡಿ, ಇವನ ಹೆಸರು ಅಳಿಸುವ ದಿನ ಬರಲಿ ಎಂದುಕೊಂಡು ಮಲಗಿದವಳು. ಈಗ ಅದರ ಮೇಲೆ ಬೆರಳಿಟ್ಟರೆ ಏನೂ ಅನಿಸಲಿಲ್ಲ, ಹಾಗೇ ಬಿಟ್ಟಳು. ಫಕೀರಮ್ಮನ ನಂಬರು ತೆಗೆದುಹಾಕಿದಳು.